ಬ್ಯಾಂಜೊ-ಕಝೂಯಿ ವಿಡಿಯೊ ಗೇಮ್ ಸರಣಿಯ 2008ರ ಆಟದಲ್ಲಿ ಗಾಡಿ ಓಡಿಸೋದೇ ಜಾಸ್ತಿ. ಅದನ್ನೂ ಪ್ಲಾಟ್‌ಫಾರ್ಮ್ ಗೇಮ್ ಅನ್ನಬಹುದಾ?

ನನ್ನ ಪ್ರಕಾರ ಇಲ್ಲ. ಹೆಸರು, ಪಾತ್ರಗಳು ಅವೇ ಇದ್ದರೂ ಆಟದ ಬಗೆ ಬದಲಾಗಬಹುದು. ಪ್ಲಾಟ್‌ಫಾರ್ಮ್ ಗೇಮ್‌ನಲ್ಲಿ ಜಿಗಿತವೇ ಮುಖ್ಯ ಸವಾಲು. ಎಲ್ಲಿಂದ, ಯಾವಾಗ, ಎಷ್ಟು ದೂರ ಹಾರಬೇಕು ಅನ್ನೋದನ್ನು ಲೆಕ್ಕ ಹಾಕಿಯೇ ಹಂತಗಳನ್ನು ಕಟ್ಟಿರುತ್ತಾರೆ.

1998ರ ಮೊದಲ ಆಟದಲ್ಲಿ ಕರಡಿ ಬ್ಯಾಂಜೊ ಜಿಗಿದಾಗ, ಬೆನ್ನಚೀಲದಲ್ಲಿರುವ ಹಕ್ಕಿ ಕಝೂಯಿ ರೆಕ್ಕೆ ಬಡಿದು ಅವನನ್ನು ಇನ್ನಷ್ಟು ದೂರ ಒಯ್ಯುತ್ತಾಳೆ. ಆಚೆಯ ಅಂಚು ಸಿಗುತ್ತೋ ಇಲ್ವೋ ಅನ್ನೋದು ಆ ಕ್ಷಣದ ಕೈಚಳಕಕ್ಕೆ ಬಿಟ್ಟದ್ದು. ಮಜಾ ಇರೋದೇ ಅಲ್ಲಿ ಅಲ್ವಾ?

2008ರ 'ನಟ್ಸ್ ಅಂಡ್ ಬೋಲ್ಟ್ಸ್'ನಲ್ಲೂ ಬ್ಯಾಂಜೊ ಜಿಗಿಯುತ್ತಾನೆ, ಜಿಗ್ಗಿ ಅನ್ನೋ ಚಿನ್ನದ ಬಣ್ಣದ ತುಣುಕುಗಳನ್ನು ಗಳಿಸುತ್ತಾನೆ. ಆದರೆ ಹೆಚ್ಚಿನ ಸವಾಲು ಗೆಲ್ಲೋಕೆ ಚಕ್ರ, ಎಂಜಿನ್, ರೆಕ್ಕೆ ಜೋಡಿಸಿ ಗಾಡಿ ಕಟ್ಟಬೇಕು. ಗಾಡಿ ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ಜಿಗಿದರೂ ಉಪಯೋಗವಿಲ್ಲ.