ವೈರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದೆಯೇ?

ಪ್ರಶ್ನೆ: ಹಳೆಯ ರಟ್ಟಿನ ಪೆಟ್ಟಿಗೆಗಳಿಂದ ಕ್ರಾಫ್ಟ್ ಕಾಗದ ಮಾಡುವ ಮಿಲ್ ನಮ್ಮದು. ವಾರದ ಶಟ್‌ಡೌನ್‌ನಲ್ಲಿ ವೈರನ್ನು (ನೀರು ಬೆರೆತ ನಾರಿನ ಪಲ್ಪ್‌ನಿಂದ ನೀರು ಸೋಸಿ ಹಾಳೆ ಮೂಡಿಸುವ, ಸುತ್ತುತ್ತಲೇ ಇರುವ ಜರಡಿ ಪಟ್ಟಿ) ಕಾಸ್ಟಿಕ್ ಸೋಡಾ ಹಾಕಿ ತೊಳೆದರೂ ಮೂರೇ ದಿನಕ್ಕೆ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಳೆಯಲ್ಲಿ 15 ಸೆಂ.ಮೀ.ಗೊಂದರಂತೆ ಒದ್ದೆ ಗೆರೆ ಕಾಣುತ್ತದೆ. ಕಾಸ್ಟಿಕ್ ಹೆಚ್ಚಿಸಬೇಕೇ?

ಉತ್ತರ: ಖಂಡಿತ ಬೇಡ. ಮೊದಲು ವೈರ್ ತೊಳೆಯುವ ನಿಮ್ಮ ಹೈ ಪ್ರೆಶರ್ ಶವರ್‌ನ ನಾಝಲ್‌ಗಳ ನಡುವಿನ ಅಂತರ ಅಳೆಯಿರಿ. ಅದೂ 15 ಸೆಂ.ಮೀ. ಇದ್ದರೆ ಶವರನ್ನು ಅತ್ತಿತ್ತ ಸರಿಸುವ ಆಸಿಲೇಟರ್ ನಿಂತಿದೆ, ಇಲ್ಲವೇ ಪೂರ್ತಿ ಸರಿಯುತ್ತಿಲ್ಲ ಎಂದೇ ಅರ್ಥ. ನೀರು ಬಿದ್ದ ಪಟ್ಟಿ ಮಾತ್ರ ಶುಚಿಯಾಗಿ, ನಡುವಿನ ಜಾಗ ಹಾಗೇ ಉಳಿಯುತ್ತದೆ. ಅಲ್ಲಿ ನೀರು ಇಳಿಯದೆ ಗೆರೆ ಮೂಡುತ್ತದೆ. ಒಂದೇ ಜಾಗಕ್ಕೆ ಹೊಡೆಯುವ ನೀರು ಕ್ರಮೇಣ ವೈರಿನ ಎಳೆಯನ್ನೂ ಸೀಳುತ್ತದೆ.

ವೈರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶವರ್ ಒಂದು ನಾಝಲ್ ರಂಧ್ರದಷ್ಟು ಮಾತ್ರ ಸರಿಯಬೇಕು. ಉದಾಹರಣೆಗೆ, ವೈರ್ 20 ಮೀಟರ್, ವೇಗ ನಿಮಿಷಕ್ಕೆ 300 ಮೀಟರ್ ಇದ್ದರೆ ಒಂದು ಸುತ್ತಿಗೆ 4 ಸೆಕೆಂಡ್. ರಂಧ್ರ 1 ಮಿ.ಮೀ. ಆದರೆ ಶವರ್ ನಿಮಿಷಕ್ಕೆ 15 ಮಿ.ಮೀ. ಸರಿಯಬೇಕು. ಆಗ 150 ಮಿ.ಮೀ. ತೊಳೆಯಲು 10 ನಿಮಿಷ ಬೇಕು. ಅದಕ್ಕಿಂತ ಜೋರಾಗಿ ಸರಿದರೆ ನಡುನಡುವೆ ತೊಳೆಯದ ಪಟ್ಟಿ ಬಿಟ್ಟುಹೋಗುತ್ತದೆ. ಸ್ಟ್ರೋಕ್, ಅಂದರೆ ಶವರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ದೂರ, ನಾಝಲ್ ಅಂತರಕ್ಕಿಂತ ಕಡಿಮೆಯಿರಬಾರದು.

ಒತ್ತಡವನ್ನು ಚದರ ಸೆಂ.ಮೀ.ಗೆ 20 ಕೆ.ಜಿ.ಯಿಂದ ಆರಂಭಿಸಿ, ಸಾಲದಿದ್ದರೆ 25ಕ್ಕೆ ಏರಿಸಿ. ನಾಝಲ್ ವೈರಿನಿಂದ 10ರಿಂದ 15 ಸೆಂ.ಮೀ. ದೂರದಲ್ಲಿರಲಿ. ಭೂತಗನ್ನಡಿಯಲ್ಲಿ ನೋಡಿದಾಗ ಎಳೆಗಳ ಮೈ ನೂಲು ಬಿಟ್ಟಂತೆ ಕಂಡರೆ ಒತ್ತಡ ಮಿತಿಮೀರಿದೆ. ಮೆಷಿನ್ ನಿಂತ ಕ್ಷಣವೇ ಶವರ್ ಪಂಪೂ ನಿಲ್ಲುವ ಹಾಗೆ ಇಂಟರ್‌ಲಾಕ್ ಇರಲೇಬೇಕು. ಈ ಶವರ್‌ಗೆ ಬ್ಯಾಕ್‌ವಾಟರ್ (ವೈರಿನಿಂದ ಸೋರಿ ಇಳಿದ ನೀರು) ಕೊಡಬೇಡಿ. ಅದರ ನಾರು ನಾಝಲ್ ತುಂಬಿಕೊಂಡು, ಒಂದು ಮುಚ್ಚಿದರೂ ಅಲ್ಲೇ ಹೊಸ ಗೆರೆ ಶುರುವಾಗುತ್ತದೆ.

ಇನ್ನು ಕೊಳೆ. ಅದು ಏನೆಂದು ತಿಳಿಯದೆ ಔಷಧ ಹಾಕುವುದು ದುಡ್ಡು ದಂಡ. ಸೂಜಿಯಿಂದ ಒಂದಿಷ್ಟು ಕೆರೆದು ಬೆರಳಿನ ಶಾಖ ತಾಗಿಸಿ. ಎಳೆದಾಗ ದಾರದಂತೆ ಬಂದರೆ ಪೆಟ್ಟಿಗೆಯ ಟೇಪಿನ ಅಥವಾ ಹಾಟ್‌ಮೆಲ್ಟ್‌ನ (ಕಾಯಿಸಿ ಹಚ್ಚುವ ಅಂಟು) ಅಂಟು. ಲೋಳೆಯಾಗಿ ವಾಸನೆ ಬಂದರೆ ಸ್ಲೈಮ್, ಅಂದರೆ ಸೂಕ್ಷ್ಮಜೀವಿಗಳ ಲೋಳೆ. ದುರ್ಬಲ ಆಮ್ಲದ ಹನಿಗೆ ನೊರೆಗುಟ್ಟಿದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಟ್‌ಮೆಲ್ಟ್ ಅಂಟನ್ನು ಕಾಸ್ಟಿಕ್ ಕರಗಿಸುವುದಿಲ್ಲ. ನಿಮ್ಮ ಶ್ರಮ ವ್ಯರ್ಥವಾಗುತ್ತಿರುವುದು ಬಹುಶಃ ಇಲ್ಲೇ. ಅದಕ್ಕೆ ಸಾಲ್ವೆಂಟ್ (ಕರಗಿಸುವ ದ್ರವ) ಮತ್ತು ಸರ್ಫ್ಯಾಕ್ಟಂಟ್ (ಸಾಬೂನಿನಂತೆ ಕೊಳೆ ಬಿಡಿಸುವ ವಸ್ತು) ಇರುವ ಕ್ಲೀನರ್ ಬೇಕು. ಅದು ವೈರಿಗೆ ಒಗ್ಗುತ್ತದೆಯೇ ಎಂದು ವೈರ್ ಕೊಟ್ಟವರನ್ನು ಕೇಳಿಯೇ ಬಳಸಿ. ಕಾರ್ಬೊನೇಟ್‌ಗೆ ಸಲ್ಫಾಮಿಕ್ ಆಮ್ಲ ಸರಿ. ಸಲ್ಫ್ಯೂರಿಕ್ ಬೇಡ, ಜಿಪ್ಸಂ ಆಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ವೈರಿನ ಪಾಲಿಯೆಸ್ಟರ್ ಎಳೆಗೆ ಬಿಸಿ ಕಾಸ್ಟಿಕ್ ಶತ್ರು, ಕೆಳಮೈಯ ನೈಲಾನ್ ಎಳೆಗೆ ಆಮ್ಲ ಮತ್ತು ಕ್ಲೋರಿನ್ ಶತ್ರು. ಒಂದು ಮುಗಿದ ಮೇಲೆ ಧಾರಾಳ ನೀರಿನಲ್ಲಿ ತೊಳೆದೇ ಇನ್ನೊಂದನ್ನು ಹಾಕಿ. ಬ್ಲೀಚ್ ನೀರಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪ್ರಾಣಕ್ಕೇ ಕುತ್ತು.

ಅಂಟು ಬರುವುದು ಪಲ್ಪ್‌ನಿಂದಲೇ. ಪಲ್ಪ್ ಸೋಸುವ ಸ್ಕ್ರೀನ್ ಬಾಸ್ಕೆಟ್‌ನ ಸೀಳುಗಳು ಸವೆದಿವೆಯೇ ನೋಡಿ, ಪಲ್ಪ್‌ಗೆ ಟಾಲ್ಕ್ (ಒಂದು ಮೃದು ಖನಿಜದ ಪುಡಿ) ಸೇರಿಸಿ ಅಂಟಿನ ಜಿಗುಟು ತಗ್ಗಿಸಿ.

ಪ್ರಶ್ನೆ: ಅಂಟಿದ ಕಡೆ ಸೀಮೆಎಣ್ಣೆ ಹಚ್ಚಿ ತಂತಿ ಬ್ರಷ್‌ನಿಂದ ಉಜ್ಜಬಹುದೇ?

ಉತ್ತರ: ಬೇಡ. ಇಂದಿನ ವೈರ್ ಹಿಂದಿನಂತೆ ಫಾಸ್ಫರ್ ಬ್ರಾಂಜ್ ತಂತಿಯದಲ್ಲ, ಪ್ಲಾಸ್ಟಿಕ್ ಎಳೆಯದು. ತಂತಿ ಬ್ರಷ್ ಎಳೆಯನ್ನು ಗೀರುತ್ತದೆ, ಗೀರಿದ ಕಡೆ ನಾರು ಇನ್ನೂ ಬೇಗ ಸಿಕ್ಕಿಕೊಳ್ಳುತ್ತದೆ. ಸೀಮೆಎಣ್ಣೆಯಿಂದ ಬೆಂಕಿಯ ಭಯ ಬೇರೆ. ಮೃದು ನೈಲಾನ್ ಬ್ರಷ್ ಮತ್ತು ಕ್ಲೀನರ್ ಬಳಸಿ. ಉಜ್ಜುವಾಗ ಮೆಷಿನ್ ನಿಂತು ಲಾಕ್ ಆಗಿರಲಿ, ಕ್ರಾಲ್‌ನಲ್ಲೂ (ಮೆಷಿನ್ ತೀರ ನಿಧಾನವಾಗಿ ಓಡುವಾಗಲೂ) ಕೈ ಹಾಕಬೇಡಿ.