ಲೇಬಲ್ಲಿನ ಮಿರ್ಸೀನ್ ನಿದ್ದೆ ತರಿಸುತ್ತದೆಯೇ?

ಪ್ರಶ್ನೆ: ಟೊರಾಂಟೊದಲ್ಲಿದ್ದೇನೆ, ವಯಸ್ಸು 41. ನಿದ್ದೆ ಸರಿಯಾಗಿ ಬಾರದ್ದಕ್ಕೆ ಇಲ್ಲಿನ ಲೈಸೆನ್ಸ್ ಇರುವ ಅಂಗಡಿಯಿಂದ ಗಾಂಜಾ ಹೂವು ತಂದೆ. ಲೇಬಲ್ಲಿನಲ್ಲಿ ಒಟ್ಟು ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಗ್ರಾಮಿಗೆ 220 ಮಿ.ಗ್ರಾಂ, ಟರ್ಪೀನ್ 2.1%, ಅದರಲ್ಲಿ ಮಿರ್ಸೀನ್ 0.8%, ಕ್ಯಾರಿಯೊಫಿಲೀನ್ 0.5%, ಲಿಮೊನೀನ್ 0.3% ಎಂದಿದೆ. ಮಿರ್ಸೀನ್ ಜಾಸ್ತಿ ಇದ್ದರೆ ಒಳ್ಳೆಯ ನಿದ್ದೆ ಎಂದರು ಅಂಗಡಿಯವರು. ನಂಬಬಹುದೇ?

ಉತ್ತರ: ಆ ಒಂದು ಅಂಕಿಯನ್ನು ನಂಬಿ ಕೊಳ್ಳಬೇಡಿ.

ಟರ್ಪೀನ್ ಅಂದರೆ ಗಿಡಕ್ಕೆ ಪರಿಮಳ ಕೊಡುವ ವಸ್ತು; ಮಿರ್ಸೀನ್, ಕ್ಯಾರಿಯೊಫಿಲೀನ್, ಲಿಮೊನೀನ್ ಅದರ ಬಗೆಗಳು. ಚಿಕ್ಕಂದಿನಲ್ಲಿ ಕಿತ್ತಳೆ ಸಿಪ್ಪೆಯನ್ನು ದೀಪದ ಕುಡಿಗೆ ಹಿಂಡಿ ಕಿಡಿ ಹಾರಿಸಿದ್ದೀರಲ್ಲ, ಹೊತ್ತಿಕೊಳ್ಳುವ ಆ ಎಣ್ಣೆಯಲ್ಲಿ ಬಹುಪಾಲು ಲಿಮೊನೀನೇ. ಕ್ಯಾರಿಯೊಫಿಲೀನ್ ಕಾಳುಮೆಣಸಿನಲ್ಲೂ ಲವಂಗದಲ್ಲೂ ಇದೆ, ಮಿರ್ಸೀನ್ ಮಜ್ಜಿಗೆಹುಲ್ಲಿನಲ್ಲಿದೆ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವಾಗ ಏಳುವ ಘಮದಲ್ಲಿ ಲಿನಲೂಲ್ ಎಂಬ ಇನ್ನೊಂದು ಟರ್ಪೀನ್ ಇದೆ.

ಶೇಕಡಾ ಎನ್ನುವುದು ತೂಕದ ಲೆಕ್ಕ. 0.8% ಎಂದರೆ ಒಂದು ಗ್ರಾಂ ಹೂವಿನಲ್ಲಿ 8 ಮಿ.ಗ್ರಾಂ ಮಿರ್ಸೀನ್. ಅದರ ಪಕ್ಕದಲ್ಲೇ 220 ಮಿ.ಗ್ರಾಂ ಟಿಎಚ್‌ಸಿ ಕೂತಿದೆ! ಅಮಲು, ಮಂಪರು, ಕೆಲವರಿಗೆ ಎದೆಬಡಿತ, ಗಾಬರಿ, ಎಲ್ಲಕ್ಕೂ ಮುಖ್ಯ ಕಾರಣ ಅದೇ. ಮಿರ್ಸೀನ್ ಮಂಪರು ತರುತ್ತದೆ ಎಂಬ ಮಾತು ಹುಟ್ಟಿದ್ದು ಇಲಿಗಳಿಗೆ ಭಾರೀ ಪ್ರಮಾಣದಲ್ಲಿ ಕೊಟ್ಟು ನಡೆಸಿದ ಪ್ರಯೋಗಗಳಿಂದ. 0.5% ದಾಟಿದರೆ ನಿದ್ದೆ ಖಚಿತ ಎಂದು ಅಂಗಡಿಗಳಲ್ಲಿ ಹೇಳುವ ಗೆರೆಗೆ ಮನುಷ್ಯರ ಮೇಲಿನ ಪುರಾವೆಯಿಲ್ಲ.

ಲಿಮೊನೀನ್ ವಿಷಯದಲ್ಲಿ ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ್ದು. ಅದರಲ್ಲಿದ್ದ 20 ಮಂದಿಯಲ್ಲಿ 12 ಮಂದಿಗೆ 30 ಮಿ.ಗ್ರಾಂ ಟಿಎಚ್‌ಸಿ ಜತೆ 15 ಮಿ.ಗ್ರಾಂ ಲಿಮೊನೀನ್ ಆವಿಯಾಗಿ ಕೊಟ್ಟಾಗ ಗಾಬರಿ ತಗ್ಗಿತು. ನಿಮ್ಮ ಹೂವಿಗೆ ಇದನ್ನು ಹೊಂದಿಸಿ ನೋಡಿ: 30 ಮಿ.ಗ್ರಾಂ ಟಿಎಚ್‌ಸಿ ಇರುವಷ್ಟು ಹೂವಿನಲ್ಲಿ ಲಿಮೊನೀನ್ ಅರ್ಧ ಮಿ.ಗ್ರಾಂ ಕೂಡ ಬರುವುದಿಲ್ಲ.

ಟರ್ಪೀನ್‌ಗಳು ಆವಿಯಾಗಿ ಹೋಗುವಂಥವು. ಹಾಗಾಗಿ ಪ್ಯಾಕ್ ಮಾಡಿದ ದಿನಾಂಕ ನೋಡಿ. ಆರು ತಿಂಗಳು ಹಳೆಯದಾದರೆ ಲೇಬಲ್ಲಿನ ಅಂಕಿ ಡಬ್ಬಿಯೊಳಗೆ ಹಾಗೇ ಉಳಿದಿರುವುದಿಲ್ಲ. ವಾಸನೆ ಹಿಡಿಸುತ್ತದೋ ಇಲ್ಲವೋ ತಿಳಿಯಲು ಟರ್ಪೀನ್ ಪಟ್ಟಿ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ರಕ್ತ ತೆಳುಮಾಡುವ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಮುಟ್ಟುವ ಮೊದಲು ವೈದ್ಯರಿಗೆ ಹೇಳಿ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಚೂರೂ ಇರಕೂಡದು: ಕೆನಡಾದ ಗಡಿ ದಾಟಿಸುವುದೇ ಅಲ್ಲಿ ಅಪರಾಧ, ಇಲ್ಲಿ ಭಾರತದಲ್ಲಿ ಇಳಿದರೆ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ.