ಹೆರಿಗೆ ಮಾಡಿಸದ ಡಾಕ್ಟರಿಗೆ ನಾಲ್ಕು ಪುಟ ಯಾಕೆ?

ಸಾಗರದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ನಿವೃತ್ತ ಆರೋಗ್ಯಾಧಿಕಾರಿಯೊಬ್ಬರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಆಕೆ ಹೆರಿಗೆ ಮಾಡಿಸಿದ್ದು ಕಡಿಮೆ, ಫಾರಂ ತುಂಬಿಸಿದ್ದೇ ಜಾಸ್ತಿ. ಇಷ್ಟೊಂದು ಹೊಗಳಿಕೆ ಬೇಕಿತ್ತಾ?"

ಫಾರಂ ತುಂಬಿಸಿದ್ದು ಹೌದು ಸಾರ್. ಅದರಲ್ಲಿ ಏನಿತ್ತು ಅಂತ ನಾವು ಸರಿಯಾಗಿ ಬರೆಯಲಿಲ್ಲ, ತಪ್ಪು ನಮ್ಮದು.

ಬಾಣಂತಿ ಸತ್ತರೆ ಊರಿನವರು "ಅವಳ ಹಣೆಬರಹ" ಅಂದು ಸುಮ್ಮನಾಗುತ್ತಾರೆ. ಈಕೆ ಆ ಮನೆಯ ಜಗಲಿಯಲ್ಲಿ ಫಾರಂ ಹಿಡಿದು ಕೂತು ಕೇಳುತ್ತಿದ್ದರು. ನೋವು ಎಷ್ಟು ಹೊತ್ತಿಗೆ ಶುರುವಾಯ್ತು, 108ಕ್ಕೆ ಫೋನ್ ಮಾಡಲು ಸಿಗ್ನಲ್ ಹುಡುಕಿ ಯಾವ ದಿಬ್ಬ ಹತ್ತಿದಿರಿ, ಆಸ್ಪತ್ರೆ ಸೇರಿದ ಮೇಲೆ ರಕ್ತ ಕೊಟ್ಟಿದ್ದು ಯಾವಾಗ? ಮನೆಯಲ್ಲಿ ತೀರ್ಮಾನ ತಡ, ದಾರಿಯಲ್ಲಿ ತಡ, ಆಸ್ಪತ್ರೆಯಲ್ಲಿ ತಡ. ಇಬ್ಬರು ಸಂಶೋಧಕಿಯರು 1994ರಲ್ಲಿ ಮುಂದಿಟ್ಟ ಲೆಕ್ಕ ಇದು. ಮೂರನೆಯದನ್ನು ತಮ್ಮ ಇಲಾಖೆಯವರನ್ನೇ ಕೇಳಬೇಕಲ್ಲ, ಹಾಗಾಗಿ ಆಕೆಗೆ ಆಫೀಸಿನಲ್ಲಿ ಸ್ನೇಹಿತರು ಕಡಿಮೆ. ಪ್ರಮೋಷನ್ನೂ ತಡವಾಯ್ತು. ಅದು ನಾಲ್ಕನೇ ತಡ ಅನ್ನಿ.

ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು. ಶಿವಮೊಗ್ಗ ಪೇಟೆಯವಳಿಗೆ ಮೆಗ್ಗಾನ್ ಆಸ್ಪತ್ರೆ ಆಟೋದಲ್ಲಿ ಹೋಗುವಷ್ಟು ದೂರ. ತುಮರಿ ಕಡೆಯವಳಿಗೆ? ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು, ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಆ ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅದನ್ನು ದಾಟುವ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಡುವಿನ ಅರವತ್ತು ವರ್ಷ ಆಚೆ ದಂಡೆಯ ಬಸುರಿಯರ ಪಾಡು ಏನಾಗಿತ್ತು ಅಂತ ಸಾಗರದವರಿಗೆ ನಾನು ಹೇಳಬೇಕಾ? 2018-20ರ ಸರ್ಕಾರಿ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 69 ತಾಯಂದಿರ ಸಾವು, ಪಕ್ಕದ ಕೇರಳದಲ್ಲಿ 19. ಈ 69 ಅನ್ನೋದು ಇಡೀ ರಾಜ್ಯದ ಸರಾಸರಿ. ಪೇಟೆ, ಕಾಡು ಎಲ್ಲ ಅದರೊಳಗೇ ಕಲಸಿಹೋಗಿದೆ.

ಇನ್ನೊಂದು ವಿಷಯ, ಜಾಗ ಸಾಲದೆ ಬಿಟ್ಟಿದ್ದೆವು. ಒಂದು ಮನೆಯಲ್ಲಿ ಬಸುರಿಗೆ ರಕ್ತದ ಅಂಶ ಏರುತ್ತಲೇ ಇರಲಿಲ್ಲ. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆ ಕೊಟ್ಟಿದ್ದಕ್ಕೆಲ್ಲ ಗುರುತು ಇತ್ತು. ಡಾಕ್ಟರು ಅಡಿಗೆಮನೆಗೇ ಹೋಗಿ ನೋಡಿದರು. ಹುಡುಗಿ ಮಾತ್ರೆ ನುಂಗುತ್ತಿದ್ದಳು, ದಿನಾ ಬೆಳಗ್ಗೆ, ಒಂದು ದೊಡ್ಡ ಲೋಟ ಕಾಫಿ ಜೊತೆ! ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. "ರಾತ್ರಿ ಊಟ ಆದಮೇಲೆ ಲಿಂಬೆ ಪಾನಕದ ಜೊತೆ ತಗೋ" ಅಂದರು. ಅತ್ತೆ ಒಪ್ಪಲಿಲ್ಲ, ಲಿಂಬೆಹುಳಿ ಶೀತ ಅಂತ. ಆಕೆ ಮತ್ತೆ ಮೂರು ಸಲ ಆ ಮನೆಗೆ ಹೋದರು.

ಆ ಜಗಲಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ. ಅರ್ಧ ಪುಟ ಸಾಕು, ನಾಲ್ಕು ಬೇಡ.

– ಸಂ.